ಕತ್ತರಿಗೆ ಕಾದ ಬಟ್ಟೆ

ದೇವಲ ಮಹರ್ಷಿ ವಿಷ್ಣುವಿನ ನಾಭಿಕಮಲದ ದಂಟಿನಿಂದ ನೂಲು ತಂದು, ಬೆತ್ತಲೆಯಿದ್ದ ಲೋಕಕ್ಕೆ ಬಟ್ಟೆ ನೇಯ್ದುಕೊಟ್ಟ ಕಥೆಯನ್ನು ನಾವು ದೇವಾಂಗರು ಮಕ್ಕಳಿಗೆ ಹೇಳುತ್ತಲೇ ಬಂದಿದ್ದೇವೆ. ದಾರಿಯಲ್ಲಿ ಅಸುರರು ಅಡ್ಡ ಬಂದಾಗ ಚೌಡೇಶ್ವರಿ ಕಾಪಾಡಿದಳು, ಅವರ ನೆತ್ತರಿನಲ್ಲೇ ನೂಲಿಗೆ ಬಣ್ಣ ಬಂತು. ಆ ಕಥೆಯಲ್ಲಿ ನೂಲಿದೆ, ಬಣ್ಣವಿದೆ, ಮಗ್ಗವಿದೆ. ದರ್ಜಿ ಮಾತ್ರ ಇಲ್ಲ. ಸೀರೆಯಾಗಲಿ, ಪಂಚೆಯಾಗಲಿ, ಶಲ್ಯವಾಗಲಿ ಮಗ್ಗದಿಂದ ಇಳಿದ ಹಾಗೆಯೇ ಮೈಗೆ ಬರುತ್ತದೆ; ಕತ್ತರಿ ಹಾಕಬೇಕಾಗಿಲ್ಲ. ಸೇಲಂನ ಗುಗೈ, ಪೊನ್ನಮ್ಮಾಪೇಟೆ, ಕೊಂಡಲಾಂಪಟ್ಟಿ ಕಡೆಯ ಹಳೆಯ ನೇಕಾರ ಮನೆಗಳಲ್ಲಿ ಬಟ್ಟೆಗೆ ಕತ್ತರಿ ಇಡಲು ಕೈ ಹಿಂಜರಿಯುವುದಕ್ಕೆ ಇದೇ ಕಾರಣ ಎಂದು ನನಗೆ ಬಹಳ ಕಾಲದಿಂದ ಅನ್ನಿಸಿದೆ.

ನಾನು ಹುಟ್ಟಿದ್ದು ಅಂಥದೊಂದು ಮನೆಯಲ್ಲಿ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕಲಿತ ಅಕ್ಷರ ತಮಿಳು. ಕನ್ನಡ ಬರೆಯುವುದನ್ನು ಕಲಿತದ್ದು ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ. ಅಪ್ಪನ ಮಗ್ಗದಲ್ಲಿ ಒಂದು ಹಾಸು ಮುಗಿದರೆ ಅದರ ತುದಿಯ ಎಳೆಗಳನ್ನು ಕಿತ್ತು ಹಾಕುತ್ತಿರಲಿಲ್ಲ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಗೆ ಬೂದಿ ಮುಟ್ಟಿದ ಬೆರಳಲ್ಲಿ ಹೊಸೆದು ಸೇರಿಸುತ್ತಿದ್ದರು. ಸಾವಿರಾರು ಎಳೆ. ಉಳಿದ ತುಂಡು ನೂಲು ಹೂ ಕಟ್ಟಲು, ಪೊಟ್ಟಣ ಬಿಗಿಯಲು, ಬಾಳೆಗೊನೆ ತೂಗುಹಾಕಲು. ಹೀಗೆ ಬೆಳೆದವರಿಗೆ ಬಟ್ಟೆಯ ಚೂರನ್ನು ಕಸ ಎನ್ನಲು ಬಾಯಿ ಬರುವುದಿಲ್ಲ. ಆ ಗುಣ ಒಳ್ಳೆಯದೇ. ಆದರೆ ಅದೇ ಗುಣ ಒಂದು ಮನೆಯ ಹೊಲಿಗೆ ಕೋಣೆಯನ್ನು ಎಷ್ಟರಮಟ್ಟಿಗೆ ಉಸಿರುಗಟ್ಟಿಸಬಲ್ಲದು ಎಂಬುದನ್ನು ಕಳೆದ ನವರಾತ್ರಿಯ ಹೊತ್ತಿಗೆ ತವರಿಗೆ ಹೋದಾಗ ಕಂಡೆ.

ಮಗ್ಗ ಇದ್ದ ಗುಣಿಯನ್ನು ಮುಚ್ಚಿ ಸಿಮೆಂಟು ಹಾಕಿಸಿ ಎಷ್ಟೋ ವರ್ಷವಾಗಿದೆ. ಆ ಜಾಗದಲ್ಲೇ ಅತ್ತಿಗೆಯ ಉಷಾ ಮಿಷನ್ ನಿಂತಿದೆ, ಕಾಲಲ್ಲಿ ತುಳಿಯುವಂಥದು. ನಿಂತಿದೆ ಎಂದು ನೆನಪಿನಿಂದ ಹೇಳಬೇಕು, ಏಕೆಂದರೆ ಕಣ್ಣಿಗೆ ಕಾಣುತ್ತಿದ್ದದ್ದು ಬಟ್ಟೆಯ ರಾಶಿ. ಅಂಚು ಹೊಲಿಯಬೇಕಾದ ಸೀರೆಗಳು, ಅವುಗಳ ಜೊತೆಗೇ ತಂದ ಫಾಲ್‌ಗಳು, ಜಿಪ್ಪು ಕೀಳಲೆಂದು ಇಟ್ಟ ಹಳೆಯ ಪ್ಯಾಂಟುಗಳು, ಯಾವುದೋ ಹಬ್ಬಕ್ಕೆ ಕತ್ತರಿಸಿ ತೋಳು ಸೇರಿಸದೆ ಉಳಿದ ಚೂಡಿದಾರ್, ಹಾರ್ಲಿಕ್ಸ್ ಬಾಟಲಿಗಳಲ್ಲಿ ಗುಂಡಿ, ಹುಕ್ಕು, ಪ್ರೆಸ್ ಬಟನ್. ಗೋಡೆಗೆ ಒರಗಿದ ಬೀರುವಿನಲ್ಲಿ ಜಾಕೆಟ್ ಬಿಟ್‌ಗಳು, ಅಂದರೆ ಕರ್ನಾಟಕದಲ್ಲಿ ರವಿಕೆ ಕಣ ಅನ್ನುವ ಬಟ್ಟೆಗಳು, ಗಂಟುಗಂಟಾಗಿ.

ಈ ಕಣದ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಓದುತ್ತಿರುವ ನಿಮ್ಮ ಮನೆಯಲ್ಲೂ ಅವು ಇವೆ. ಗೊಂಬೆ ಹಬ್ಬ, ವರಮಹಾಲಕ್ಷ್ಮಿ, ಸೀಮಂತ, ಗೃಹಪ್ರವೇಶ, ಮದುವೆ ಎಲ್ಲದರಲ್ಲೂ ಎಲೆ ಅಡಿಕೆ, ಅರಿಶಿನ ಕುಂಕುಮ, ತೆಂಗಿನಕಾಯಿಯ ಜೊತೆಗೆ ಒಂದು ಕಣ. ಕೊಡುವವರು ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ ತರುತ್ತಾರೆ. ಅಳತೆ ಕೆಲವೊಮ್ಮೆ 80 ಸೆಂಟಿಮೀಟರ್, ಕೆಲವೊಮ್ಮೆ ಅದಕ್ಕೂ ಕಡಿಮೆ. ತೋಳು ಸ್ವಲ್ಪ ಉದ್ದ ಬೇಕು, ಮೈ ಸ್ವಲ್ಪ ತುಂಬಿಕೊಂಡಿದೆ ಎಂದರೆ ಸಾಲುವುದಿಲ್ಲ. ಈಗಿನ ಸೀರೆಗಳಲ್ಲಿ ಐದೂವರೆ ಮೀಟರ್ ಸೀರೆಯ ಜೊತೆ ಬ್ಲೌಸಿನ ಬಟ್ಟೆಯನ್ನೂ ನೇಯ್ದು ಕೊಡುವುದರಿಂದ ಕಣದ ಅಗತ್ಯವೂ ಇಲ್ಲ. ಹಾಗಾಗಿ ಬಂದ ಕಣ ಬೀರುವಿಗೆ ಹೋಗುತ್ತದೆ, ಮುಂದಿನ ಮುತ್ತೈದೆಗೆ ಕೊಡಲು ಬೀರುವಿನಿಂದ ಹೊರಬರುತ್ತದೆ, ಅವಳ ಬೀರುವಿಗೆ ಹೋಗುತ್ತದೆ. ಒಂದು ಹೆಣ್ಣಿನ ಮೈಗೆ ಉಡುಪಾಗಲಿ ಎಂಬ ಹಾರೈಕೆಯಿಂದ ಹುಟ್ಟಿದ ಪದ್ಧತಿ ಇದು. ಹಾರೈಕೆ ಈಗಲೂ ನಿಜ, ಬಟ್ಟೆ ಮಾತ್ರ ಯಾರ ಮೈಯನ್ನೂ ಮುಟ್ಟದೆ ಮನೆಯಿಂದ ಮನೆಗೆ ಸುತ್ತುತ್ತಿದೆ.

ಇಟ್ಟ ಬಟ್ಟೆ ಹಾಳಾಗುವುದಿಲ್ಲ ಎಂದು ನಂಬಿದವರೇ ಹೆಚ್ಚು. ಹಾಳಾಗುತ್ತದೆ. ರೇಷ್ಮೆ ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಆ ಮಡಿಕೆಯ ಗೆರೆಯಲ್ಲೇ ಎಳೆ ಸೀಳುತ್ತದೆ, ಅದರಲ್ಲೂ ಜರಿ ಇರುವ ಕಡೆ ಬೇಗ. ಗಂಜಿ ಹಾಕಿದ ಹತ್ತಿಗೆ ಬೆಳ್ಳಿಮೀನು ಹುಳ ಬರುತ್ತದೆ, ಗಂಜಿಯೇ ಅದರ ಊಟ. ಎಲಾಸ್ಟಿಕ್ ಉಪಯೋಗಿಸದಿದ್ದರೂ ಬಿಗಿ ಕಳೆದುಕೊಂಡು, ಎಳೆದರೆ ಪುಡಿ ಉದುರಿಸುತ್ತದೆ. ಹತ್ತಿಯ ದಾರ ವರ್ಷಗಳು ಕಳೆದಂತೆ ಸತ್ವ ಬಿಡುತ್ತದೆ. ಎರಡು ಕೈಯಲ್ಲಿ ಹಿಡಿದು ಜಗ್ಗಿದರೆ ಸದ್ದಿಲ್ಲದೆ ತುಂಡಾಗುವ ದಾರದಲ್ಲಿ ಹೊಲಿದ ರವಿಕೆ ಒಗೆತಕ್ಕೆ ಬಿಚ್ಚಿಕೊಳ್ಳುತ್ತದೆ. ಬಟ್ಟೆಯನ್ನು ಜೋಪಾನ ಮಾಡುತ್ತಿದ್ದೇವೆ ಎಂದುಕೊಂಡು ನಾವು ಅದನ್ನು ನಿಧಾನವಾಗಿ ಕೊಲ್ಲುತ್ತಿರುತ್ತೇವೆ. ನೇಕಾರನ ಮಗಳಾಗಿ ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ. ಅಪ್ಪ ಕಾಲಲ್ಲಿ ತುಳಿದು, ಕೈಯಲ್ಲಿ ಲಾಳಿ ಎಳೆದು ಇಳಿಸಿದ ಬಟ್ಟೆಗೆ ಸಲ್ಲಬೇಕಾದ ಗೌರವ ಎಂದರೆ ಅದನ್ನು ಯಾರಾದರೂ ತೊಡುವುದು. ತೊಡಬೇಕಾದರೆ ಯಾರಾದರೂ ಧೈರ್ಯ ಮಾಡಿ ಕತ್ತರಿಸಬೇಕು.

ಆಯುಧ ಪೂಜೆಯ ಹಿಂದಿನ ದಿನಗಳು

ತಮಿಳುನಾಡಿನಲ್ಲಿ ಮನೆ ಹಗುರ ಮಾಡಿಕೊಳ್ಳುವುದಕ್ಕೆ ವರ್ಷದಲ್ಲಿ ಎರಡು ಹೊತ್ತು. ಒಂದು, ಪೊಂಗಲ್ ಹಿಂದಿನ ಭೋಗಿ. ಹಳೆಯ ಚಾಪೆ, ಪೊರಕೆ, ಹರಿದ ಬಟ್ಟೆ ಬೆಳಗಿನ ಜಾವದ ಬೆಂಕಿಗೆ. ಈಗ ಸಿಂಥೆಟಿಕ್ ಬಟ್ಟೆ, ಪ್ಲಾಸ್ಟಿಕ್ಕು ಸುಡಬೇಡಿ ಎಂದು ಸರ್ಕಾರ ಪ್ರತಿವರ್ಷ ಕೇಳಿಕೊಳ್ಳುತ್ತದೆ, ಅದು ಸರಿಯಾದ ಮಾತು. ಇನ್ನೊಂದು, ಆಯುಧ ಪೂಜೆ. ನನ್ನ ಲೆಕ್ಕದಲ್ಲಿ ಹೊಲಿಗೆ ಕೋಣೆಗೆ ಹೇಳಿ ಮಾಡಿಸಿದ ಹೊತ್ತು ಇದೇ. ಅಂದು ಲಾರಿಯಿಂದ ಹಿಡಿದು ಈಳಿಗೆಮಣೆಯವರೆಗೆ ಎಲ್ಲಕ್ಕೂ ಸ್ನಾನ, ವಿಭೂತಿ, ಕುಂಕುಮ. ಮಿಷನ್‌ಗೂ ಕತ್ತರಿಗೂ ಕೆಲಸ ಕೊಡುವಂತಿಲ್ಲ. ಮರುದಿನ ವಿಜಯದಶಮಿಗೆ ಒಂದು ಗೆರೆಯಾದರೂ ಹೊಲಿದು ಕೆಲಸ ಶುರುಮಾಡಬೇಕು. ಪೂಜೆಗೆ ಮಿಷನ್ ಕಾಣಬೇಕಲ್ಲ, ಅದಕ್ಕಾದರೂ ರಾಶಿ ಇಳಿಯಬೇಕಾಯಿತು.

ನಾನು, ಅತ್ತಿಗೆ ಇಬ್ಬರೂ ಸೇರಿ ಎಲ್ಲವನ್ನೂ ನೆಲಕ್ಕೆ ಸುರಿದೆವು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಅವ್ವ ಕಾವಲು.

"ಅದ್ಯಾಕವ್ವ ಹೊರಗಾಕ್ತಿ? ಇರ್ಲಿ ಬುಡು, ಯಾವುದಕ್ಕಾರ ಆಯ್ತದೆ."

"ಯಾವುದಕ್ಕೆ ಆಯ್ತದೆ ಅಂತ ಈಗ್ಲೇ ಹೇಳತ್ತೆ," ಎಂದಳು ಅತ್ತಿಗೆ. "ಹೇಳಿದ್ರೆ ಇಟ್ಕೊಳಾಣ."

ಆ ಪ್ರಶ್ನೆಯೇ ನಮಗೆ ಅಳತೆಗೋಲಾಯಿತು. ಪ್ರತಿ ಬಟ್ಟೆಯನ್ನೂ ಕೈಯಲ್ಲಿ ಹಿಡಿದು, ಇದು ಯಾರಿಗೆ, ಏನಾಗುತ್ತದೆ ಎಂದು ಹೇಳಬೇಕು. ಹೇಳಲು ಸಾಧ್ಯವಾದರೆ ಒಂದು ಚೀಟಿಯಲ್ಲಿ ಹೆಸರು, ಉಡುಪು ಬರೆದು ಬಟ್ಟೆಗೆ ಪಿನ್ ಮಾಡುವುದು. ಇಲ್ಲದಿದ್ದರೆ ಅದು ಈ ಕೋಣೆಯಿಂದ ಹೊರಡುತ್ತದೆ. ಮನೆ ಚೊಕ್ಕಟ ಮಾಡುವ ಬಗ್ಗೆ ಪುಸ್ತಕ ಬರೆದವರು ವಸ್ತು ಮನಸ್ಸಿಗೆ ಸಂತೋಷ ಕೊಡುತ್ತದೆಯೇ ಎಂದು ಕೇಳಿಕೊಳ್ಳಿ ಅನ್ನುತ್ತಾರೆ. ಬಟ್ಟೆಯ ವಿಷಯದಲ್ಲಿ ಆ ಪ್ರಶ್ನೆ ಕೆಲಸಕ್ಕೆ ಬಾರದು. ಯಾವ ಹೊಸ ಬಟ್ಟೆ ತಾನೇ ಸಂತೋಷ ಕೊಡುವುದಿಲ್ಲ? ಯಾರ ಮೈಗೆ ಎಂದು ಕೇಳಿದರೆ ಮಾತ್ರ ಉತ್ತರ ನೆಟ್ಟಗೆ ಬರುತ್ತದೆ.

ಯಾವುದು ಹತ್ತಿ, ಯಾವುದು ಹತ್ತಿಯಂತೆ ಕಾಣುವ ಬೇರೇನೋ ಎಂಬ ಗೊಂದಲ ಬಂದಾಗ ಅಪ್ಪ ಮಾಡುತ್ತಿದ್ದ ಪರೀಕ್ಷೆಯನ್ನೇ ಮಾಡಿದೆವು. ಅಂಚಿನಿಂದ ಎರಡು ಎಳೆ ಕಿತ್ತು ಹೊಸೆದು ದೀಪಕ್ಕೆ ಹಿಡಿಯುವುದು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಹಗುರವಾದ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಪುಡಿಯಾಗುವ ಕರಿ ಉಂಡೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಸೇಲಂ ಜಿಲ್ಲೆಯಲ್ಲಿ ಈ ಪರೀಕ್ಷೆ ಗೊತ್ತಿರಲೇಬೇಕು. ಒಂದು ಕಡೆ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಸೇಲಂ ವೆಣ್ಪಟ್ಟು, ಅಪ್ಪಟ ಬಿಳಿ ರೇಷ್ಮೆಯ ಪಂಚೆ. ಇನ್ನೊಂದು ಕಡೆ ಇಳಂಪಿಳ್ಳೈ ಸುತ್ತಿನ ವಿದ್ಯುತ್ ಮಗ್ಗಗಳಿಂದ ಇಳಿಯುವ, ರೇಷ್ಮೆಯಂತೆಯೇ ಹೊಳೆಯುವ ಕಡಿಮೆ ಬೆಲೆಯ ಸೀರೆಗಳು. ಎರಡಕ್ಕೂ ಅದರದರ ಗಿರಾಕಿ ಇದ್ದಾರೆ, ಎರಡೂ ಸಾವಿರಾರು ಮನೆಗೆ ಅನ್ನ ಹಾಕುತ್ತಿವೆ. ಹೊಲಿಯುವವಳಿಗೆ ಮಾತ್ರ ಯಾವುದು ಯಾವುದೆಂದು ಗೊತ್ತಿರಬೇಕು. ಹತ್ತಿಯನ್ನು ನೀರಲ್ಲಿ ನೆನೆಸಿ ಒಣಗಿಸದೆ ಕತ್ತರಿಸಿದರೆ ಮೊದಲ ಒಗೆತಕ್ಕೇ ಕುಗ್ಗುತ್ತದೆ, ಪಾಲಿಯೆಸ್ಟರ್‌ಗೆ ಇಸ್ತ್ರಿ ಬಿಸಿ ಹೆಚ್ಚಾದರೆ ಅಂಟಿಕೊಳ್ಳುತ್ತದೆ.

ಹೊರಟ ಬಟ್ಟೆಗಳಿಗೆ ದಾರಿ ಸಿಕ್ಕಿತು. ಮೆತ್ತನೆಯ ಹಳೆಯ ಹತ್ತಿ ಸೀರೆಗಳು ಬಾಣಂತಿ ಇರುವ ಒಂದು ಮನೆಗೆ. ಬನಿಯನ್, ಟೀ ಶರ್ಟುಗಳು ಮೆಕ್ಯಾನಿಕ್ ಶೆಡ್ಡಿಗೆ, ಅಲ್ಲಿ ಎಣ್ಣೆ ಒರೆಸಲು ಬನಿಯನ್ ವೇಸ್ಟನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ಉಡಲು ಯೋಗ್ಯವಾದವು ಒಂದು ಮೂಟೆಯಾಗಿ ಗೂಂಜ್ ಸಂಸ್ಥೆಗೆ ಎಂದು ನಾನು ಬೆಂಗಳೂರಿಗೆ ಹೊತ್ತು ತಂದೆ. ದಿಲ್ಲಿಯಲ್ಲಿ 1999ರಲ್ಲಿ ಶುರುವಾದ ಈ ಸಂಸ್ಥೆ ಪಟ್ಟಣಗಳ ಹಳೆಯ ಬಟ್ಟೆಯನ್ನು ವಿಂಗಡಿಸಿ ಹಳ್ಳಿಗಳಿಗೆ ತಲುಪಿಸುತ್ತದೆ, ಹತ್ತಿ ಬಟ್ಟೆಯಿಂದ ಮುಟ್ಟಿನ ಪ್ಯಾಡು ಹೊಲಿಸುತ್ತದೆ. ಅಂಗೈಗಿಂತ ಸಣ್ಣ ಚೂರುಗಳಿಗೆ ಏನು ಮಾಡುವುದೆಂದು ಯೋಚಿಸುವಾಗ ನನಗೆ ಉತ್ತರ ಕರ್ನಾಟಕದ ಕೌದಿ ನೆನಪಾಯಿತು. ಅಲ್ಲಿಯ ಹೆಂಗಸರ ಕೈಗೆ ಸಿಕ್ಕಿದ್ದರೆ ಅವು ಎರಡು ಕೌದಿಯಾಗುತ್ತಿದ್ದವು. ನಮ್ಮ ಕಡೆ ಆ ಕೆಲಸ ಬಲ್ಲವರಿಲ್ಲ. ಹಳೆಯ ದಿಂಬಿನ ಚೀಲಕ್ಕೆ ತುಂಬಿ ಕಾಲಿಡುವ ಮೆತ್ತೆ ಮಾಡಿದೆವು, ಈಗ ಅವ್ವ ಅದರ ಮೇಲೆ ಕಾಲಿಟ್ಟು ಟಿವಿ ನೋಡುತ್ತಾರೆ.

ಆಮೇಲೆ ಮಿಷನ್. ತಟ್ಟೆಯ ಸ್ಕ್ರೂ ಬಿಚ್ಚಿದಾಗ ಬಟ್ಟೆ ಎಳೆಯುವ ಹಲ್ಲುಗಳ ಸಂದಿಯಲ್ಲಿ ದಾರದ ಧೂಳು ಎಣ್ಣೆಯೊಂದಿಗೆ ಬೆರೆತು ಕಂಬಳಿಯ ಹಾಗೆ ಗಟ್ಟಿಯಾಗಿತ್ತು. ಹಲ್ಲುಜ್ಜುವ ಹಳೆಯ ಬ್ರಷ್ಷಿನಲ್ಲಿ ತೆಗೆದು, ಸೀಮೆಎಣ್ಣೆಯ ಎರಡು ಹನಿ ಬಿಟ್ಟು ಜಿಡ್ಡು ಕರಗಿಸಿ, ಒರೆಸಿ, ಮಿಷನ್ ಎಣ್ಣೆ ಹಾಕಿ ಬರಿಯ ಮಿಷನ್ನನ್ನೇ ಒಂದಷ್ಟು ಹೊತ್ತು ತುಳಿದೆವು. ಸೂಜಿ ಬದಲಾಯಿಸಿದೆವು. ಸೂಜಿ ಮುರಿಯುವವರೆಗೆ ಅದನ್ನೇ ಓಡಿಸುವುದು ನಮ್ಮೆಲ್ಲರ ಅಭ್ಯಾಸ. ಮೊಂಡಾದ ಸೂಜಿ ಬಟ್ಟೆಯ ಎಳೆ ಎಳೆದು ಹೊಲಿಗೆ ಬಿಡುತ್ತದೆ, ನಾವು ಬೈಯುವುದು ಮಿಷನ್ನನ್ನು. ಸಾಮಾನ್ಯ ಹತ್ತಿಗೆ 14ನೇ ನಂಬರ್, ತೆಳು ರೇಷ್ಮೆಗೆ 11, ದಪ್ಪ ಬಟ್ಟೆಗೆ 16. ಹೊಸ ಬೆಲ್ಟು ಹಾಕಿ ತುಳಿದಾಗ ಬಂದ ಸದ್ದು ಕೇಳಿ ಅತ್ತಿಗೆಯ ಮುಖ ಅರಳಿತು. ವರ್ಷಗಳಿಂದ ತಾನು ಹೊಲಿಗೆಯನ್ನೇ ಬಿಟ್ಟೆ ಎಂದು ತಿಳಿದಿದ್ದಳು. ಹೊಲಿಯಲು ಜಾಗವೇ ಇರಲಿಲ್ಲ ಎಂಬುದು ಆಗ ಹೊಳೆಯಿತು.

ಗಾಂಧೀಜಿ ಬಿಟ್ಟುಕೊಟ್ಟ ಯಂತ್ರ

ಯಂತ್ರಗಳ ಬಗ್ಗೆ ಅಷ್ಟು ಕಟುವಾಗಿ ಮಾತಾಡಿದ ಗಾಂಧೀಜಿ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. 1924ರಲ್ಲಿ ನಡೆದ ಒಂದು ಸಂಭಾಷಣೆಯಲ್ಲಿ ಸಿಂಗರ್ ಮಿಷನ್ನನ್ನು ಉಪಯುಕ್ತವಾದ ಕೆಲವೇ ಯಂತ್ರಗಳಲ್ಲಿ ಒಂದೆಂದು ಹೇಳಿ, ಅದರ ಹಿಂದೆ ಪ್ರೀತಿಯಿದೆ, ದುರಾಸೆಯಲ್ಲ ಎಂಬ ಅರ್ಥದ ಮಾತನ್ನು ಆಡಿದ್ದರು. ಐಸಾಕ್ ಸಿಂಗರ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ನಮ್ಮ ದೇಶದಲ್ಲೇ ಮಿಷನ್ ತಯಾರಾಗತೊಡಗಿದ್ದು 1930ರ ದಶಕದಲ್ಲಿ, ಕಲ್ಕತ್ತಾದ ಜಯ್ ಎಂಜಿನಿಯರಿಂಗ್ ವರ್ಕ್ಸ್‌ನಿಂದ ಉಷಾ ಬಂದಾಗ.

ಸೇಲಂಗೆ ಈ ವಿಷಯದಲ್ಲಿ ಹತ್ತಿರದ ನಂಟೊಂದಿದೆ. ಸೇಲಂನಲ್ಲಿ ವಕೀಲರಾಗಿದ್ದು, ಇಲ್ಲಿನ ಪುರಸಭೆಯ ಅಧ್ಯಕ್ಷರಾಗಿದ್ದ ರಾಜಾಜಿ 1925ರಲ್ಲಿ ತಿರುಚೆಂಗೋಡಿನ ಬಳಿ ಪುದುಪಾಳಯಂನಲ್ಲಿ ಗಾಂಧಿ ಆಶ್ರಮ ಕಟ್ಟಿದರು. ಆಗ ಅದು ಸೇಲಂ ಜಿಲ್ಲೆ, ಈಗ ನಾಮಕ್ಕಲ್. ಮಳೆ ಕೈಕೊಟ್ಟ ಹಳ್ಳಿಗಳ ಹೆಂಗಸರಿಗೆ ನೂಲುವ ಕೆಲಸ ಕೊಟ್ಟು, ಆ ನೂಲಿನಿಂದ ಖಾದಿ ನೇಯಿಸಿದರು. ರಾಟೆ, ಮಗ್ಗ, ಹೊಲಿಗೆ ಮಿಷನ್: ಮನೆಯೊಳಗೆ ಕೂತು ಒಬ್ಬಳೇ ನಡೆಸಬಹುದಾದ, ತನ್ನ ಕೈಕಾಲಿನ ವೇಗಕ್ಕೆ ಓಡುವ ಸಾಧನಗಳು ಇವು. ಮಿಷನ್ ಹೆಂಗಸಿಗೆ ದಾರಿಯಾಗುತ್ತದೆ ಎಂಬ ತಿಳಿವಳಿಕೆ ಈ ನಾಡಿನಲ್ಲಿ ಗಟ್ಟಿಯಾಗಿ ಉಳಿದಿದೆ. ಸತ್ಯವಾಣಿ ಮುತ್ತು ಅಮ್ಮೈಯಾರ್ ಹೆಸರಿನಲ್ಲಿ ಬಡ ವಿಧವೆಯರಿಗೆ, ಗಂಡ ಬಿಟ್ಟವರಿಗೆ, ಅಂಗವಿಕಲರಿಗೆ ತಮಿಳುನಾಡು ಸರ್ಕಾರ ಉಚಿತವಾಗಿ ಮಿಷನ್ ಕೊಡುತ್ತದೆ. ಮಧ್ಯಾಹ್ನದ ಊಟ ಮಾಡುವ ಶಾಲಾ ಮಕ್ಕಳಿಗೆ ವರ್ಷಕ್ಕೆ ನಾಲ್ಕು ಜೊತೆ ಸಮವಸ್ತ್ರ ಕೊಡುತ್ತದಲ್ಲ, ಅದನ್ನು ಹೊಲಿಯುವುದು ಮಹಿಳಾ ಹೊಲಿಗೆ ಸಹಕಾರ ಸಂಘಗಳ ಸದಸ್ಯೆಯರು. ಬಟ್ಟೆ ತಂದು, ಮನೆಯಲ್ಲೇ ಹೊಲಿದು ಒಪ್ಪಿಸಿ ಕೂಲಿ ಪಡೆಯುತ್ತಾರೆ.

ಅತ್ತಿಗೆ ಧರ್ಮಪುರಿ ಜಿಲ್ಲೆಯ ಪಾಲಕೋಡು ಕಡೆಯವಳು. ಕೋಣೆ ಚೊಕ್ಕಟ ಮಾಡುವಾಗ ಬೀರುವಿನ ತೀರಾ ಕೆಳಗಿನ ಅರೆಯಲ್ಲಿ, ದಿನಪತ್ರಿಕೆ ಸುತ್ತಿಟ್ಟ ಅವಳ ದಪ್ಪ ರೆಕಾರ್ಡ್ ಪುಸ್ತಕವೊಂದು ಸಿಕ್ಕಿತು. ತಮಿಳುನಾಡಿನ ಪರೀಕ್ಷಾ ನಿರ್ದೇಶನಾಲಯ ಚಿತ್ರಕಲೆ, ಕೈಮಗ್ಗ ನೇಯ್ಗೆಯ ಜೊತೆಗೆ ಹೊಲಿಗೆ ಮತ್ತು ಉಡುಪು ತಯಾರಿಕೆಗೂ ಲೋಯರ್, ಹೈಯರ್ ಎಂದು ಎರಡು ದರ್ಜೆಯ ಪರೀಕ್ಷೆ ನಡೆಸುತ್ತದೆ. ಸಣ್ಣ ಊರಿನ ಎಷ್ಟೋ ಹೆಣ್ಣುಮಕ್ಕಳು ಶಾಲೆ ಮುಗಿಸಿ, ಟೈಪಿಂಗ್ ಜೊತೆಗೆ ಇದನ್ನೂ ಮಾಡಿ, ಹೊಲಿಗೆ ಟೀಚರ್ ಆಗುವ ಕನಸು ಕಟ್ಟಿಕೊಂಡಿರುತ್ತಾರೆ. ಅತ್ತಿಗೆ ಮದುವೆಗೆ ಮೊದಲು ಲೋಯರ್ ಪಾಸು ಮಾಡಿದ್ದಳು. ನನಗೆ ಅದು ಗೊತ್ತೇ ಇರಲಿಲ್ಲ.

ಪುಟ ತಿರುಗಿಸಿದರೆ ಅಂಟಿಸಿದ ಬಟ್ಟೆಯ ಮಾದರಿಗಳು. ನೂಲು ಹೊಲಿಗೆ, ಹೆಮ್ಮಿಂಗ್, ಕಾಜಾ, ಹರಿದದ್ದಕ್ಕೆ ಎಳೆ ತುಂಬುವುದು, ತೇಪೆ. ಆಮೇಲೆ ಗೊಂಬೆಗೆ ಹಾಕುವಷ್ಟು ಚಿಕ್ಕ ಜಬಲಾ, ಚಿಕ್ಕ ಪೆಟಿಕೋಟು, ಬಾಡಿ ಸೇರಿಸಿದ ಚಿಕ್ಕ ಲಂಗ. ಪ್ರತಿಯೊಂದರ ಎದುರಿಗೆ ನಕ್ಷೆ, ಎದೆಯ ನಾಲ್ಕನೇ ಒಂದು ಭಾಗ, ಭುಜದ ಅರ್ಧ ಎಂದು ನೀಟಾದ ತಮಿಳು ಅಕ್ಷರದಲ್ಲಿ ಲೆಕ್ಕ. ಒಂದೂ ಹೊಲಿಗೆ ಸೊಟ್ಟಗಿರಲಿಲ್ಲ.

"ಈ ಲಂಗ ಹೊಲಿಯಾಣ," ಎಂದಳು. ಅವಳ ಮೊಮ್ಮಗಳಿಗೆ.

ಹೊಸ ಬಟ್ಟೆ ತರಲು ಚಿನ್ನಕಡೈ ವೀದಿಗೆ ಹೋಗಲಿಲ್ಲ. ಬೀರುವಿನಿಂದ ಹಸಿರು ಹತ್ತಿಯ ಸೀರೆಯೊಂದನ್ನು ತೆಗೆದಳು, ಅಪ್ಪನ ಮಗ್ಗದ್ದು, ಒಮ್ಮೆಯೂ ಉಡದೆ ಇಟ್ಟದ್ದು. ಅವ್ವ ಕುರ್ಚಿಯಿಂದ ಎದ್ದೇಬಿಟ್ಟರು. ಅಪ್ಪ ನೇಯ್ದದ್ದಕ್ಕೆ ಕತ್ತರಿ ಹಾಕುವುದೆಂದರೆ! ಅತ್ತಿಗೆ ಏನೂ ವಾದ ಮಾಡಲಿಲ್ಲ. ಸೀರೆ ಬಿಡಿಸಿ ಮಡಿಕೆಯ ಗೆರೆಯನ್ನು ಬೆಳಕಿಗೆ ಹಿಡಿದಳು. ಎರಡು ಕಡೆ ಸೀಳು ಶುರುವಾಗಿತ್ತು. ಅವ್ವ ಬೆರಳಿಟ್ಟು ನೋಡಿದರು. ಸ್ವಲ್ಪ ಹೊತ್ತಿನ ಮೇಲೆ, "ಅಂಚ ಮಾತ್ರ ಕತ್ತರಿಸ್ಬ್ಯಾಡ. ಕೆಳಗಡೆ ಬರಂಗೆ ಇಕ್ಕು," ಎಂದರು. ಅದು ಸರಿಯಾದ ಸಲಹೆ. ಮಗ್ಗದ ಅಂಚು ಹಾಗೆಯೇ ಲಂಗದ ಕೆಳ ಅಂಚಾದರೆ ಮಡಿಚಿ ಹೊಲಿಯುವ ಕೆಲಸವೂ ಇಲ್ಲ, ಎಳೆ ಬಿಡುವ ಭಯವೂ ಇಲ್ಲ.

ಮಗುವಿನ ಲಂಗದಲ್ಲಿ ಎಷ್ಟು ದೂರಾಲೋಚನೆ ಅಡಗಿದೆ ಎಂಬುದನ್ನು ಹೊಲಿಯುವಾಗ ನೋಡಬೇಕು. ಸೊಂಟಕ್ಕೆ ನಾಡ ಕಟ್ಟಿದರೆ ಮಗುವಿಗೆ ಒತ್ತುತ್ತದೆ, ಆಡುವಾಗ ಜಾರುತ್ತದೆ. ಅದಕ್ಕೆ ತೆಳು ಹತ್ತಿಯ ತೋಳಿಲ್ಲದ ಬಾಡಿ ಹೊಲಿದು ಅದಕ್ಕೆ ಲಂಗ ಸೇರಿಸುತ್ತಾರೆ, ಭಾರವೆಲ್ಲ ಹೆಗಲ ಮೇಲೆ. ನೆರಿಗೆಗೆ ಸುತ್ತಳತೆಯ ಎರಡೂವರೆ ಮೂರು ಪಟ್ಟು ಬಟ್ಟೆ ಬಿಡಬೇಕು. ಕೆಳಭಾಗದಲ್ಲಿ ಒಂದರ ಮೇಲೊಂದು ಎರಡು ಟಕ್ಕು ಹಿಡಿಯುತ್ತಾರೆ. ಒಂದಿಂಚು ಆಳದ ಟಕ್ಕು ಎರಡಿಂಚು ಬಟ್ಟೆಯನ್ನು ಒಳಗೆ ಇಟ್ಟುಕೊಂಡಿರುತ್ತದೆ. ಮಗು ಬೆಳೆದ ಹಾಗೆ ಮುಂದಿನ ವರ್ಷ ಒಂದು ಬಿಚ್ಚು, ಅದರ ಮುಂದಿನ ವರ್ಷ ಇನ್ನೊಂದು. ಬಾಡಿಯ ಪಕ್ಕದಲ್ಲೂ ಬಿಡಿಸಿಕೊಳ್ಳಲು ಒಂದೂವರೆ ಇಂಚು. ಅಂಗಡಿಯ ಸಿದ್ಧ ಉಡುಪಿನಲ್ಲಿ ಇದು ಸಿಗುವುದಿಲ್ಲ. ಅಲ್ಲಿ ಒಳಗಿನ ಬಟ್ಟೆ ಅರ್ಧ ಇಂಚಿಗಿಂತ ಹೆಚ್ಚು ಇರುವುದು ಅಪರೂಪ. ಲಕ್ಷ ಉಡುಪು ಹೊಲಿಯುವ ಕಾರ್ಖಾನೆಗೆ ಒಂದು ಇಂಚೂ ದುಡ್ಡೇ. ಈ ಮಗು ಬೆಳೆಯುತ್ತದೆ ಎಂದು ಯೋಚಿಸುವವರು ಅದನ್ನು ಬಲ್ಲವರು ಮಾತ್ರ.

ಸಂಜೆಗೆ ಮಗು ಲಂಗ ತೊಟ್ಟು ಮನೆ ತುಂಬ ತಿರುಗಿತು. ಅತ್ತಿಗೆ ಮಿಷನ್ ಮುಂದಿನ ಸ್ಟೂಲು ಬಿಟ್ಟು ಏಳಲಿಲ್ಲ. ಮಿಕ್ಕ ಬಟ್ಟೆಯಲ್ಲಿ ಅದಕ್ಕೊಂದು ಸುರುಕು ಚೀಲ ಹೊಲಿಯುತ್ತಿದ್ದಳು.

ಕಾಲರ್ ಮಾತ್ರ ಗೊತ್ತಿದ್ದವಳು

ಧರ್ಮಪುರಿ, ಸೇಲಂ ಜಿಲ್ಲೆಗಳ ಎಷ್ಟೋ ಮನೆಗಳಿಂದ ಹೆಣ್ಣುಮಕ್ಕಳು ತಿರುಪ್ಪೂರಿಗೆ, ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗಿ ದುಡಿದು ಬಂದಿದ್ದಾರೆ. ನಮ್ಮ ಬೀದಿಯಲ್ಲೂ ಅಂಥ ಒಬ್ಬಳಿದ್ದಾಳೆ. ಹಬ್ಬದ ಮರುದಿನ ಬಂದು ಲಂಗ ಮುಟ್ಟಿ ನೋಡಿ, "ಅಕ್ಕಾ, ನಾನು ಅಷ್ಟು ವರ್ಷ ಮಿಷನ್ ಮುಂದೆ ಕೂತಿದ್ದೆ, ಒಂದು ಇಡೀ ಉಡುಪು ಹೊಲಿಯೋಕೆ ನನಗೆ ಬರೋಲ್ಲ," ಎಂದಳು. ಅವಳು ಹೊಲಿದದ್ದು ಕಾಲರ್. ದಿನವಿಡೀ, ಗಂಟೆಗೆ ಇಷ್ಟು ಎಂಬ ಲೆಕ್ಕದಲ್ಲಿ, ಬರಿಯ ಕಾಲರ್. ಒಂದು ಶರ್ಟನ್ನು ಹತ್ತಾರು ಬಿಡಿ ಕೆಲಸಗಳಾಗಿ ಸೀಳಿ ಒಬ್ಬೊಬ್ಬರಿಗೆ ಒಂದೊಂದು ಒಪ್ಪಿಸುವುದು ಕಾರ್ಖಾನೆಯ ಪದ್ಧತಿ. ವೇಗ ಬರುತ್ತದೆ, ಬೆಲೆ ಇಳಿಯುತ್ತದೆ. ಅವಳ ಕಾಲರ್ ನಮ್ಮ ಯಾರಿಗಿಂತಲೂ ಚೆನ್ನಾಗಿರುತ್ತದೆ, ತುದಿ ಸೂಜಿಯ ಹಾಗೆ ನಿಲ್ಲುತ್ತದೆ. ಆದರೆ ತನ್ನ ಕೈಯಿಂದ ಹೊರಟ ಕಾಲರ್ ಯಾರ ಕೊರಳಿಗೆ ಹೋಯಿತೆಂದು ಅವಳಿಗೆ ಗೊತ್ತಾಗಿಲ್ಲ.

ಉಡುಪು ಹೊಲಿಯುವುದರ ಸಂತೋಷ ಎಲ್ಲಿದೆ ಎಂದು ಕೇಳಿದರೆ ನಾನು ಇಲ್ಲೇ ಬೆರಳಿಡುತ್ತೇನೆ. ಅಳತೆ ತೆಗೆಯುವಾಗ ಒಬ್ಬರ ಮೈಯನ್ನು ನಿಜವಾಗಿ ನೋಡುತ್ತೇವೆ. ಬಲ ಹೆಗಲು ಎಡಕ್ಕಿಂತ ಚೂರು ಇಳಿದಿದೆ, ಬೆನ್ನು ಬಾಗುತ್ತಿದೆ, ಕಳೆದ ಸಲಕ್ಕಿಂತ ಸೊರಗಿದ್ದಾಳೆ. ಚಪ್ಪಟೆಯಾದ ಬಟ್ಟೆಗೆ ಡಾರ್ಟು ಹಿಡಿದು, ತೋಳಿಗೆ ತಿರುವು ಕೊಟ್ಟು ಅದನ್ನು ಆ ಮೈಗೆ ಒಗ್ಗಿಸುತ್ತೇವೆ. ಶುರುವಿನಿಂದ ಕೊನೆಯ ಹುಕ್ಕಿನವರೆಗೆ ಎಲ್ಲವೂ ಒಂದೇ ಕೈಯಲ್ಲಿ. ಕಡಿಮೆ ಖರ್ಚು ಎಂಬ ವಾದವನ್ನು ನಾನು ಮಾಡುವುದಿಲ್ಲ. ಸಿದ್ಧ ಉಡುಪಿನ ಬೆಲೆಗೆ ಎದುರು ನಿಂತು ಗೆಲ್ಲಲು ಮನೆಯ ಹೊಲಿಗೆಗೆ ಆಗುವುದಿಲ್ಲ, ಗೆಲ್ಲಬೇಕಾಗಿಯೂ ಇಲ್ಲ.

ಸಿತ್ತಿಲಿಂಗಿಯ ಟ್ರಂಕುಗಳು

ಧರ್ಮಪುರಿ ಜಿಲ್ಲೆಯ ಹರೂರಿನಾಚೆ, ಕಲ್ವರಾಯನ್ ಮತ್ತು ಸಿತ್ತೇರಿ ಬೆಟ್ಟಗಳ ನಡುವಿನ ಸಿತ್ತಿಲಿಂಗಿ ಕಣಿವೆಯಲ್ಲಿ ಮಲೆಯಾಳಿ ಬುಡಕಟ್ಟಿನವರ ಜೊತೆಗೆ ಲಂಬಾಣಿಗರ ತಾಂಡಾಗಳೂ ಇವೆ. 1993ರಲ್ಲಿ ರೆಜಿ ಜಾರ್ಜ್, ಲಲಿತಾ ರೆಜಿ ಎಂಬ ವೈದ್ಯ ದಂಪತಿ ಅಲ್ಲಿಗೆ ಬಂದು ಟ್ರೈಬಲ್ ಹೆಲ್ತ್ ಇನಿಷಿಯೇಟಿವ್ ಎಂಬ ಸಂಸ್ಥೆ ಕಟ್ಟಿದರು. ಬಾಣಂತಿಯರ, ಮಕ್ಕಳ ಸಾವು ತಡೆಯುವ ಕೆಲಸ ಮೊದಲು. ಸಾವಯವ ಕೃಷಿ ಆಮೇಲೆ. ಲಂಬಾಣಿ ಹೆಂಗಸರ ಕಸೂತಿಯ ಸಂಗತಿ ಮುಂದೆ ಬಂದದ್ದು ಅದೇ ದಾರಿಯಲ್ಲಿ.

ಸಂಡೂರಿನ ಲಂಬಾಣಿ ಕಸೂತಿ ಕನ್ನಡಿಗರಿಗೆ ಚೆನ್ನಾಗಿ ಗೊತ್ತು, ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಇದೆ. ಸಿತ್ತಿಲಿಂಗಿಯಲ್ಲಿ ಮಾತ್ರ ಪರಿಸ್ಥಿತಿ ಬೇರೆ. ಹೆಂಗಸರು ಫೇಟಿಯಾ, ಕಾಂಚಳಿ ಬಿಟ್ಟು ಸೀರೆಗೆ ಬಂದು ತಲೆಮಾರುಗಳಾಗಿದ್ದವು. ಕಸೂತಿ ಬಲ್ಲ ಹಿರಿಯರು ಬೆರಳೆಣಿಕೆಯಷ್ಟು. ಅಜ್ಜಿಯರ ಹಳೆಯ ಉಡುಪುಗಳು ಅಲ್ಲೊಂದು ಇಲ್ಲೊಂದು ಪೆಟ್ಟಿಗೆಯ ತಳದಲ್ಲಿ ಉಳಿದಿದ್ದವು. ಡಾಕ್ಟರ್ ಲಲಿತಾ ಅವರ ಒತ್ತಾಸೆಯಿಂದ ಅವು ಹೊರಬಂದವು, ಹಿರಿಯರು ಕಿರಿಯರನ್ನು ಕೂರಿಸಿಕೊಂಡು 2006ರ ಹೊತ್ತಿಗೆ ಕಲಿಸತೊಡಗಿದರು. ಗುಂಪಿಗೆ ಪೊರ್ಗೈ ಎಂದು ಹೆಸರಿಟ್ಟುಕೊಂಡರು, ಅವರ ಮಾತಿನಲ್ಲಿ ಅದಕ್ಕೆ ಹೆಮ್ಮೆ ಎಂದರ್ಥ. ಇಂದು ಪೊರ್ಗೈ ಹೆಂಗಸರು ಕುರ್ತಾ, ಸೀರೆ, ಚೀಲ, ಮೆತ್ತೆಯ ಚೀಲಗಳ ಮೇಲೆ ಕಸೂತಿ ಹಾಕುತ್ತಾರೆ. ಬೀಜದಷ್ಟು ಸಣ್ಣ ಹೊಲಿಗೆಗಳು ಸಾಲುಗಟ್ಟಿ ಚೌಕ, ತ್ರಿಕೋನಗಳಾಗುತ್ತವೆ. ಕೆಲಸಕ್ಕಾಗಿ ಊರು ಬಿಟ್ಟು ಹೋಗುತ್ತಿದ್ದವರಿಗೆ ಮನೆಯಂಗಳದಲ್ಲೇ ಸಂಪಾದನೆ ಸಿಕ್ಕಿದೆ.

ಈ ಕಥೆಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಒಂದು. ಪೆಟ್ಟಿಗೆ ತೆರೆದಾಗ ಸಿಕ್ಕ ಹಳೆಯ ಉಡುಪನ್ನು ಗಾಜಿನ ಹಿಂದೆ ತೂಗುಹಾಕಿ ಕೈಮುಗಿದು ಸುಮ್ಮನಾಗಬಹುದಿತ್ತು. ಅವರು ಅದನ್ನು ತಿರುಗಿಸಿ ಹಿಂಬದಿಯ ಎಳೆ ನೋಡಿ, ಹೊಸ ಬಟ್ಟೆ ಕತ್ತರಿಸಿ, ಈಗಿನವರು ತೊಡುವ ಕುರ್ತಾದ ಮೇಲೆ ಆ ಹೊಲಿಗೆಯನ್ನು ನಡೆಸಿದರು. ನಮ್ಮ ಮನೆಯ ಬೀರುಗಳಿಗೂ ಇಷ್ಟೇ ಬೇಕಾಗಿರುವುದು. ಅಜ್ಜಿಯ ರವಿಕೆಯ ಕಂಕುಳಲ್ಲಿ ಇಡುತ್ತಿದ್ದ ಚೌಕದ ತುಂಡು ನೋಡಿದ್ದೀರಾ? ಅದೊಂದು ತುಂಡು ಇದ್ದರೆ ಕೈ ಎತ್ತಿದಾಗ ರವಿಕೆ ಮೇಲೆ ಬರುವುದಿಲ್ಲ, ಹೊಲಿಗೆ ಹರಿಯುವುದಿಲ್ಲ. ಈಗಿನ ಬ್ಲೌಸುಗಳಲ್ಲಿ ಅದನ್ನು ಬಿಟ್ಟೇಬಿಟ್ಟಿದ್ದೇವೆ. ಅತ್ತಿಗೆ ಅವ್ವನ ಹಳೆಯ ರವಿಕೆಯೊಂದನ್ನು ಬಿಚ್ಚಿ, ದಿನತಂತಿ ಪತ್ರಿಕೆಯ ಮೇಲಿಟ್ಟು ಗೆರೆ ಎಳೆದು ಆ ಅಳತೆ ಎತ್ತಿಕೊಂಡಿದ್ದಾಳೆ.

ಗೊಂಬೆ ನೋಡಲು ಬಂದ ಹೆಂಗಸರಿಗೆ ಆ ವರ್ಷವೂ ಎಲೆ ಅಡಿಕೆಯ ಜೊತೆ ಕಣ ಕೊಟ್ಟೆವು. ಒಂದೇ ವ್ಯತ್ಯಾಸ: ಪೂರ್ತಿ ಒಂದು ಮೀಟರ್, ನೆನೆಸಿ ಒಣಗಿಸಿ ಇಸ್ತ್ರಿ ಮಾಡಿದ್ದು. ಕೊಡುವಾಗ ಅತ್ತಿಗೆ, "ಇದನ್ನ ಬೀರುವಲ್ಲಿ ಇಡೋ ಹಂಗಿಲ್ಲ. ಭಾನುವಾರ ತಗಂಡ್ ಬಾ, ನಾನೇ ಕತ್ತರ್ಸಿ ಕೊಡ್ತೀನಿ, ನೀನೇ ಹೊಲ್ಕೊ," ಎಂದು ಒಬ್ಬೊಬ್ಬರಿಗೂ ಹೇಳಿದಳು. ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಬಂದರು, ಕೆಲವರು ತಮ್ಮ ಬೀರುವಿನ ಹಳೆಯ ಕಣಗಳನ್ನೂ ಹೊತ್ತುಕೊಂಡು. ಕಾಲರ್‌ನವಳು ಮೊದಲು ಬಂದು ಕೂತಳು. ತನಗೇ ಒಂದು ಚೂಡಿದಾರ್ ಟಾಪ್ ಹೊಲಿದುಕೊಂಡಳು, ಕಾಲರ್ ಇಟ್ಟೇ.

ಈಗ ಫೋನು ಮಾಡಿದರೆ ಹಿಂದೆ ಮಿಷನ್ ಸದ್ದು, ಅದರ ಮೇಲೆ ಮಾತು. ಕಳೆದ ವಾರ ತೋಳಿನ ಉದ್ದದ ಬಗ್ಗೆ ಜಗಳ ನಡೆಯುತ್ತಿತ್ತು. ಮೊಣಕೈವರೆಗೆ ಬೇಕೆನ್ನುವವರು ಒಂದು ಕಡೆ, ಕಣದಲ್ಲಿ ಬಟ್ಟೆ ಸಾಲುವುದಿಲ್ಲ ಎನ್ನುವ ಅತ್ತಿಗೆ ಇನ್ನೊಂದು ಕಡೆ. ಮುಂದಿನ ಸಲ ಬರುವಾಗ ಲೈನಿಂಗಿಗೆ ಟೂ ಬೈ ಟೂ ಬಟ್ಟೆ ಚಿಕ್ಕಪೇಟೆಯಿಂದ ತರಬೇಕಂತೆ, ಬಿಳಿ, ಕಪ್ಪು, ಮೆರೂನ್. ಎಷ್ಟು ಮೀಟರ್ ಎಂದು ಕೇಳಿದೆ. "ಯಾರ್ಯಾರಿಗೆ ಅಂತ ಬರೆದು ಕಳಿಸ್ತೀನಿ, ಅಷ್ಟೇ ತಾ," ಎಂದಳು.